ಬಿಪಿ ಮಾತ್ರೆ ನುಂಗಿದರೆ ಕಿಡ್ನಿ ಹೋಗುತ್ತದೆಯೇ?

ರಕ್ತದೊತ್ತಡ, ಹೃದಯ ಮತ್ತು ಮೂತ್ರಪಿಂಡಗಳ ನಂಟು



"ಬಿಪಿ ಮಾತ್ರೆ ಶುರು ಮಾಡಿದರೆ ಸಾಯೋತನಕ ನುಂಗಬೇಕು, ಕೊನೆಗೆ ಕಿಡ್ನಿಯೂ ಹೋಗುತ್ತೆ." ಡೇರಿಯಲ್ಲಿ ಹಾಲು ಹಾಕಲು ಸಾಲು ನಿಂತಾಗ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಈ ಮಾತನ್ನು ಕೇಳದವರು ಕಡಿಮೆ. ಇದನ್ನು ನಂಬಿ ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆಯನ್ನು ಡಬ್ಬಿಯಲ್ಲೇ ಇಟ್ಟವರಿದ್ದಾರೆ. ಎರಡು ತಿಂಗಳು ನುಂಗಿ, ಮೈ ಹಗುರವಾಯಿತೆಂದು ಬಿಟ್ಟವರೂ ಇದ್ದಾರೆ.

ಈ ಮಾತಿನಲ್ಲಿ ಅರ್ಧ ನಿಜ. ಹೆಚ್ಚಿನವರು ಮಾತ್ರೆಯನ್ನು ಬಹುಕಾಲ ನುಂಗಬೇಕಾಗುತ್ತದೆ. ಉಳಿದರ್ಧ ತಲೆಕೆಳಗಾಗಿದೆ. ಕಿಡ್ನಿಯನ್ನು ಕೆಡಿಸುವುದು ಹತೋಟಿಗೆ ಬಾರದ ಬಿಪಿ. ಮಾತ್ರೆ ಆ ಕಿಡ್ನಿಯನ್ನು ಕಾಯುತ್ತದೆ. ತಪ್ಪು ತಿಳಿವಳಿಕೆ ಹುಟ್ಟುವುದು ಹೀಗೆ: ಹತ್ತು ವರ್ಷ ಬಿಪಿ ಏರಿದ್ದರೂ ಗೊತ್ತಾಗಿರುವುದಿಲ್ಲ. ಕಾಲು ಊದಿದಾಗಲೋ, ಏದುಸಿರು ಬಂದಾಗಲೋ ಆಸ್ಪತ್ರೆಗೆ ಹೋಗುತ್ತೇವೆ. ಆ ವೇಳೆಗೆ ಕಿಡ್ನಿ ಅರ್ಧ ಸೋತಿರುತ್ತದೆ. ಮಾತ್ರೆ ಆಗ ಶುರುವಾಗುತ್ತದೆ, ಮುಂದೆ ಕಿಡ್ನಿ ಪೂರ್ತಿ ಸೋತಾಗ ಅಪವಾದ ಮಾತ್ರೆಯ ತಲೆಗೆ ಬರುತ್ತದೆ.

ಬಿಪಿ, ಹೃದಯ ಮತ್ತು ಕಿಡ್ನಿ ಒಂದಕ್ಕೊಂದು ಹೇಗೆ ಕಟ್ಟಿಕೊಂಡಿವೆ ಎಂದು ತಿಳಿದರೆ ಈ ಗೊಂದಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಬಿಪಿ ಎಂದರೆ ಏನು?

ಹಸುವಿನ ಕೆಚ್ಚಲಲ್ಲಿ ಒಂದು ಲೀಟರ್ ಹಾಲು ತಯಾರಾಗಬೇಕಾದರೆ 400ರಿಂದ 500 ಲೀಟರ್ ರಕ್ತ ಅದರ ಮೂಲಕ ಹರಿದು ಹೋಗಬೇಕು ಎಂದು ತರಬೇತಿಗಳಲ್ಲಿ ಕೇಳಿದ್ದೀರಿ. ನಮ್ಮ ದೇಹದಲ್ಲೂ ಪ್ರತಿ ಅಂಗ ಕೆಲಸ ಮಾಡುವುದು ರಕ್ತ ಹರಿದಾಗಲೇ. ನಮ್ಮ ಹೃದಯ ಸುಮ್ಮನೆ ಕೂತಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ದೂಡುತ್ತದೆ. ದಿನಕ್ಕೆ ಲೆಕ್ಕ ಹಾಕಿದರೆ 7,200 ಲೀಟರ್, ಅಂದರೆ 40 ಲೀಟರಿನ 180 ಕ್ಯಾನ್. ಮುಷ್ಟಿ ಗಾತ್ರದ ಅಂಗ ಇಷ್ಟು ಕೆಲಸ ಮಾಡುತ್ತದೆ.

ಹೀಗೆ ದೂಡಿದ ರಕ್ತ ನಾಳದ ಗೋಡೆಯನ್ನು ಒತ್ತುತ್ತದೆ. ಆ ಒತ್ತಡವೇ ಬಿಪಿ. ಹೃದಯ ಹಿಂಡಿದಾಗಿನ ಒತ್ತಡ ಮೇಲಿನ ಅಂಕಿ, ಸಡಿಲವಾದಾಗಿನದು ಕೆಳಗಿನ ಅಂಕಿ. ಇದನ್ನು ಮೊದಲು ಅಳೆದದ್ದು ಒಂದು ಕುದುರೆಯಲ್ಲಿ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ಅದರ ರಕ್ತನಾಳಕ್ಕೆ ಗಾಜಿನ ಕೊಳವೆ ಜೋಡಿಸಿದಾಗ ರಕ್ತ ಎಂಟು ಅಡಿಗೂ ಮೇಲಕ್ಕೆ ಏರಿ ನಿಂತಿತು. 1733ರಲ್ಲಿ ಅವರು ಇದನ್ನು ಪುಸ್ತಕದಲ್ಲಿ ಬರೆದರು. ತೋಳಿಗೆ ಪಟ್ಟಿ ಸುತ್ತಿ ಅಳೆಯುವ ಸಾಧನವನ್ನು ಇಟಲಿಯ ರಿವಾ ರೊಚ್ಚಿ ರೂಪಿಸಿದ್ದು 1896ರಲ್ಲಿ.

ವಿಶ್ರಾಂತಿಯಲ್ಲಿ 120/80ರ ಒಳಗಿದ್ದರೆ ಒಳ್ಳೆಯದು. ಬೇರೆ ಬೇರೆ ದಿನ ಅಳೆದಾಗಲೂ ಮೇಲಿನ ಅಂಕಿ 140 ಅಥವಾ ಕೆಳಗಿನ ಅಂಕಿ 90 ಮುಟ್ಟುತ್ತಿದ್ದರೆ ಅದು ಅಧಿಕ ರಕ್ತದೊತ್ತಡ. ಎರಡರಲ್ಲಿ ಒಂದು ಹೆಚ್ಚಿದ್ದರೂ ಸಾಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ವರ್ಷ ಮೇಲ್ಪಟ್ಟ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಮಂದಿಗೆ ಬಿಪಿ ಹೆಚ್ಚಿದೆ ಅಥವಾ ಅವರು ಅದಕ್ಕೆ ಮಾತ್ರೆ ನುಂಗುತ್ತಿದ್ದಾರೆ. ಐದು ಜನರಲ್ಲಿ ಒಬ್ಬರಾಯಿತು.

ಹೃದಯಕ್ಕೆ ಆಗುವುದು

ಹಾಲು ಕರೆಯುವ ಯಂತ್ರ ಇಟ್ಟವರಿಗೆ ಅದರ ಮೀಟರ್ ಗೊತ್ತು. ಎಳೆತ ಮಿತಿ ಮೀರಿದರೆ ಹಸು ಅಂದೇ ಕಾಯಿಲೆ ಬೀಳುವುದಿಲ್ಲ. ದಿನವೂ ಹಾಗೇ ನಡೆದರೆ ಮೊಲೆತೊಟ್ಟಿನ ತುದಿ ಒರಟಾಗಿ, ಗಡುಸಾಗಿ, ಕೊನೆಗೆ ಕೆಚ್ಚಲು ಬಾವಿಗೆ ದಾರಿಯಾಗುತ್ತದೆ. ಹೆಚ್ಚಿದ ಬಿಪಿ ಸಹ ಹೀಗೇ, ದಿನದಿನವೂ ಸ್ವಲ್ಪಸ್ವಲ್ಪವೇ ಹಾನಿ ಮಾಡುತ್ತದೆ.

ಒತ್ತಡಕ್ಕೆ ಎದುರಾಗಿ ರಕ್ತ ದೂಡಬೇಕಾದಾಗ ಹೃದಯದ ಎಡಭಾಗದ ಸ್ನಾಯು ದಪ್ಪವಾಗುತ್ತದೆ. ತೋಳಿನ ಸ್ನಾಯು ಬೆಳೆದರೆ ಶಕ್ತಿ ಬರುತ್ತದೆ, ಹೃದಯದಲ್ಲಿ ಹಾಗಲ್ಲ. ದಪ್ಪವಾದ ಹೃದಯ ಬಿಗಿಯಾಗುತ್ತದೆ, ಸಡಿಲಗೊಂಡು ರಕ್ತ ತುಂಬಿಕೊಳ್ಳಲು ಕಷ್ಟಪಡುತ್ತದೆ, ವರ್ಷಗಳ ನಂತರ ದಣಿದು ಸೋಲುತ್ತದೆ. ಇದೇ ಹೃದಯ ವೈಫಲ್ಯ. ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಅಂಗಾತ ಮಲಗಿದರೆ ಉಸಿರು ಕಟ್ಟುವುದು, ಪಾದ ಊದುವುದು ಇದರ ಗುರುತು. ಜೊತೆಗೆ ಒತ್ತಡದಿಂದ ನಾಳದ ಒಳಗೋಡೆ ಗಾಯಗೊಂಡು ಅಲ್ಲಿ ಕೊಬ್ಬು ಕಟ್ಟುತ್ತದೆ. ಹೃದಯದ ನಾಳ ಮುಚ್ಚಿದರೆ ಹೃದಯಾಘಾತ, ಮೆದುಳಿನ ನಾಳ ಮುಚ್ಚಿದರೆ ಅಥವಾ ಒಡೆದರೆ ಲಕ್ವ.

ಕಿಡ್ನಿಗೆ ಆಗುವುದು

ಕಿಡ್ನಿಗಳು ಎರಡು, ಬೆನ್ನಿನ ಕಡೆ ಪಕ್ಕೆಲುಬಿನ ಕೆಳಗೆ ಇವೆ. ಹೃದಯ ದೂಡುವ ರಕ್ತದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಇವುಗಳಿಗೇ ಹೋಗುತ್ತದೆ. ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಸಣ್ಣ ಸೋಸಣಿಗೆಗಳಿವೆ. ಎಲ್ಲ ಸೇರಿ ದಿನಕ್ಕೆ ಸುಮಾರು 180 ಲೀಟರ್, ಅಂದರೆ ನಾಲ್ಕೂವರೆ ಕ್ಯಾನ್ ನೀರಿನಂಶವನ್ನು ಸೋಸುತ್ತವೆ. ಅದರಲ್ಲಿ ಬೇಕಾದದ್ದನ್ನೆಲ್ಲ ವಾಪಸ್ ಹೀರಿಕೊಂಡು, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಬಿಡುತ್ತವೆ.

ಸೋಸುವ ಬಟ್ಟೆಯ ಮೇಲೆ ಹಾಲನ್ನು ಮೆಲ್ಲಗೆ ಸುರಿದರೆ ಬಟ್ಟೆ ಬಾಳುತ್ತದೆ. ರಭಸದಿಂದ ಸುರಿಯುತ್ತಲೇ ಇದ್ದರೆ ಎಳೆ ಸಡಿಲವಾಗಿ, ತಡೆಯಬೇಕಾದದ್ದೂ ಕೆಳಗೆ ಇಳಿಯುತ್ತದೆ. ಕಿಡ್ನಿಯ ಸೋಸಣಿಗೆಗಳಿಗೂ ಹಾಗೆ. ಒತ್ತಡ ಹೆಚ್ಚಿದರೆ ಮೊದಲು ಆಲ್ಬುಮಿನ್ ಎಂಬ ಪ್ರೋಟೀನ್ ಮೂತ್ರದಲ್ಲಿ ಸೋರತೊಡಗುತ್ತದೆ. ಆಮೇಲೆ ಸೋಸಣಿಗೆಗಳು ಒಂದೊಂದಾಗಿ ಗಡುಸಾಗಿ ಮುಚ್ಚಿಹೋಗುತ್ತವೆ. ಬಟ್ಟೆ ಹರಿದರೆ ಹೊಸದು ತರಬಹುದು. ಸತ್ತ ಸೋಸಣಿಗೆ ಮತ್ತೆ ಹುಟ್ಟುವುದಿಲ್ಲ. ಉಳಿದವು ಹೆಚ್ಚು ಕೆಲಸ ಹೊತ್ತುಕೊಂಡು ತಾವೂ ಬೇಗ ಸವೆಯುತ್ತವೆ. ಬಿಪಿಯ ಜೊತೆ ಸಕ್ಕರೆ ಕಾಯಿಲೆಯೂ ಇದ್ದರೆ ಈ ಸವೆತ ಇನ್ನೂ ವೇಗ.

ಸುತ್ತಿಕೊಂಡ ಹಗ್ಗ

ಬಿಪಿಯಿಂದ ಕಿಡ್ನಿ ಕೆಡುತ್ತದೆ ಎಂಬುದು ಅರ್ಧ ಕಥೆ. ಕಿಡ್ನಿ ಕೆಟ್ಟರೂ ಬಿಪಿ ಏರುತ್ತದೆ.

ದೇಹದ ಉಪ್ಪು ಮತ್ತು ನೀರಿನ ಲೆಕ್ಕ ಇಡುವುದು ಕಿಡ್ನಿಯೇ. ತನಗೆ ರಕ್ತ ಸಾಲುತ್ತಿಲ್ಲ ಎನಿಸಿದಾಗ ಅದು ರೆನಿನ್ ಎಂಬ ರಸವನ್ನು ಬಿಡುತ್ತದೆ. 1898ರಲ್ಲಿ ಸ್ವೀಡನ್ನಿನಲ್ಲಿ ಇದನ್ನು ಕಂಡುಹಿಡಿದರು. ರೆನಿನ್ ಆರಂಭಿಸಿದ ಕೆಲಸದಿಂದ ನಾಳಗಳು ಬಿಗಿಯುತ್ತವೆ, ದೇಹ ಉಪ್ಪು ನೀರನ್ನು ಹಿಡಿದಿಡುತ್ತದೆ, ಬಿಪಿ ಏರುತ್ತದೆ. 1934ರಲ್ಲಿ ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಕಿಡ್ನಿಗೆ ಹೋಗುವ ನಾಳವನ್ನು ಕ್ಲಿಪ್ಪಿನಿಂದ ಕಿರಿದು ಮಾಡಿ, ಅಷ್ಟರಿಂದಲೇ ಬಿಪಿ ಏರುವುದನ್ನು ತೋರಿಸಿದರು.

ಹೃದಯವೂ ಈ ಸುತ್ತಿನಲ್ಲಿದೆ. ಸೋತ ಹೃದಯ ಕಿಡ್ನಿಗೆ ಸಾಕಷ್ಟು ರಕ್ತ ಕಳಿಸಲಾರದು. ಕಿಡ್ನಿ ಅದನ್ನು ನೀರಿನ ಕೊರತೆ ಎಂದು ತಿಳಿದು ಇನ್ನಷ್ಟು ನೀರು ಹಿಡಿದಿಡುತ್ತದೆ. ಆ ಹೆಚ್ಚಿನ ಭಾರವೂ ಸೋತ ಹೃದಯದ ಮೇಲೆಯೇ ಬೀಳುತ್ತದೆ. ಕಿಡ್ನಿ ಕೆಟ್ಟರೆ ರಕ್ತ ಹುಟ್ಟಿಸಲು ಬೇಕಾದ ಹಾರ್ಮೋನ್ ಕಡಿಮೆಯಾಗಿ ರಕ್ತಹೀನತೆ ಬರುತ್ತದೆ, ಹೃದಯ ಇನ್ನೂ ಜೋರಾಗಿ ದುಡಿಯಬೇಕಾಗುತ್ತದೆ. ಆದ್ದರಿಂದಲೇ ಕಿಡ್ನಿ ಕಾಯಿಲೆ ಇರುವವರಲ್ಲಿ ಬಹಳ ಮಂದಿ ಡಯಾಲಿಸಿಸ್ ಹಂತಕ್ಕೆ ಬರುವ ಮೊದಲೇ ಹೃದಯದ ಕಾಯಿಲೆಯಿಂದ ತೀರಿಕೊಳ್ಳುತ್ತಾರೆ. ಈ ಸುತ್ತನ್ನು ಕಡಿಯಲು ನಮ್ಮ ಕೈಗೆ ಸುಲಭವಾಗಿ ಸಿಗುವ ಜಾಗ ಒಂದೇ: ಬಿಪಿ.

ಸುಪ್ತ ಕೆಚ್ಚಲು ಬಾವಿನ ಹಾಗೆ

"ನನಗೆ ತಲೆ ಸುತ್ತೋದಿಲ್ಲ, ತಲೆನೋವಿಲ್ಲ, ಬಿಪಿ ಯಾಕೆ ಇರುತ್ತೆ?" ಎಂದು ಕೇಳುವವರಿದ್ದಾರೆ. ಸುಪ್ತ ಕೆಚ್ಚಲು ಬಾವನ್ನು ನೆನಪಿಸಿಕೊಳ್ಳಿ. ಕೆಚ್ಚಲು ಊದಿಲ್ಲ, ಹಾಲು ಒಡೆದಿಲ್ಲ, ಹಸು ಮೇವು ಬಿಟ್ಟಿಲ್ಲ. ಆದರೂ ಒಳಗೆ ಸೋಂಕಿದೆ, ಹಾಲು ಕಡಿಮೆಯಾಗುತ್ತಿದೆ. ಪರೀಕ್ಷೆ ಮಾಡಿದರೆ ಮಾತ್ರ ಗೊತ್ತಾಗುತ್ತದೆ. ಬಿಪಿಯೂ ಕಿಡ್ನಿ ಕಾಯಿಲೆಯೂ ಹೀಗೇ. ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಸಹ ಕಿಡ್ನಿಯ ಶಕ್ತಿ ಸುಮಾರು ಅರ್ಧ ಕಳೆಯುವವರೆಗೆ ಸರಿಯಾಗೇ ಕಾಣಬಹುದು. ಆದ್ದರಿಂದ ಬಿಪಿ ಅಥವಾ ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆ ಕ್ರಿಯಾಟಿನಿನ್ ಜೊತೆಗೆ ಮೂತ್ರದ ಆಲ್ಬುಮಿನ್ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಬೇಕು.

ಹಾಗಾದರೆ ಮಾತ್ರೆ ಮಾಡುವುದೇನು?

ಆರೋಗ್ಯ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅಮ್ಲೋಡಿಪಿನ್ ಮತ್ತು ಟೆಲ್ಮಿಸಾರ್ಟಾನ್. ಮೊದಲನೆಯದು ನಾಳಗಳನ್ನು ಸಡಿಲಿಸುತ್ತದೆ. ಎರಡನೆಯದು ರೆನಿನ್ ಶುರುಮಾಡಿದ ಸರಪಳಿಯನ್ನು ಕಡಿಯುತ್ತದೆ, ಸೋಸಣಿಗೆಗಳ ಒಳಗಿನ ಒತ್ತಡವನ್ನೂ ಇಳಿಸುತ್ತದೆ. ಮೂತ್ರದಲ್ಲಿ ಪ್ರೋಟೀನ್ ಸೋರುವವರಿಗೆ ಈ ಬಗೆಯ ಮಾತ್ರೆ ಕೊಡುವುದೇ ಕಿಡ್ನಿಯನ್ನು ಉಳಿಸಲೆಂದು. ಇದೇ ಸರಪಳಿಯನ್ನು ಕಡಿಯುವ ಮೊದಲ ಮಾತ್ರೆ ಕ್ಯಾಪ್ಟೋಪ್ರಿಲ್. ಬ್ರೆಜಿಲ್ಲಿನ ಒಂದು ಮಂಡಲದ ಹಾವಿನ ವಿಷದ ಮೇಲೆ ನಡೆದ ಸಂಶೋಧನೆಯಿಂದ ಅದು ಹುಟ್ಟಿತು.

ಕೆಲವು ವಿಷಯ ತಿಳಿದಿದ್ದರೆ ಹೆದರಿಕೆ ಬೇಡ:

• ಅಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಊದುತ್ತದೆ. "ಮಾತ್ರೆಯಿಂದ ಕಿಡ್ನಿ ಹೋಯಿತು" ಎಂದು ಹಲವರು ಬಿಡುವುದು ಇಲ್ಲೇ. ಊತ ಕಂಡರೆ ವೈದ್ಯರಿಗೆ ಹೇಳಿ. ಕಾರಣ ಮಾತ್ರೆಯೋ, ಹೃದಯವೋ, ಕಿಡ್ನಿಯೋ ಎಂದು ಅವರು ಪರೀಕ್ಷಿಸುತ್ತಾರೆ. ಬೇಕಾದರೆ ಮಾತ್ರೆ ಬದಲಿಸುತ್ತಾರೆ.

• ಟೆಲ್ಮಿಸಾರ್ಟಾನ್ ಶುರುಮಾಡಿದಾಗ ಕ್ರಿಯಾಟಿನಿನ್ ಸ್ವಲ್ಪ ಏರಬಹುದು. ಅದಕ್ಕೇ ಕೆಲವು ವಾರಗಳ ನಂತರ ರಕ್ತಪರೀಕ್ಷೆ ಹೇಳುತ್ತಾರೆ. ತಪ್ಪಿಸಬೇಡಿ.

• ವಾಂತಿ ಭೇದಿ ಜೋರಾಗಿ ದೇಹದ ನೀರು ಆರಿದಾಗ ಈ ಮಾತ್ರೆಯನ್ನು ಮುಂದುವರಿಸಬೇಕೇ ಎಂದು ಅಂದೇ ಆರೋಗ್ಯ ಕೇಂದ್ರದಲ್ಲಿ ಕೇಳಿ.

• ಗರ್ಭಿಣಿಯರಿಗೆ ಟೆಲ್ಮಿಸಾರ್ಟಾನ್ ಆಗದು. ಮಗು ಬೇಕೆಂದಿರುವವರು ಮೊದಲೇ ವೈದ್ಯರಿಗೆ ತಿಳಿಸಿ.

• ಬಿಪಿ 120ಕ್ಕೆ ಇಳಿಯಿತು ಎಂದು ಮಾತ್ರೆ ನಿಲ್ಲಿಸಬೇಡಿ. ಇಳಿದಿರುವುದು ಮಾತ್ರೆಯಿಂದ. ಬಿಟ್ಟರೆ ಮತ್ತೆ ಏರುತ್ತದೆ, ಸದ್ದಿಲ್ಲದೆ.

ಕಿಡ್ನಿಗೆ ನಿಜವಾಗಿ ಅಪಾಯ ತರುವ ಮಾತ್ರೆ

ಹೆದರಬೇಕಾದ ಮಾತ್ರೆಯೊಂದು ಮನೆಯಲ್ಲಿ ಬೇರೆಯೇ ಇದೆ. ಬಗ್ಗಿ ಸಗಣಿ ಬಾಚಿ, ಹುಲ್ಲಿನ ಹೊರೆ ಹೊತ್ತು, ಕುಕ್ಕರುಗಾಲಲ್ಲಿ ಕೂತು ಹಾಲು ಕರೆದು ಸೊಂಟ ಮಂಡಿ ಹಿಡಿದಾಗ ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಬಗೆಯವು ಕಿಡ್ನಿಗೆ ಹೋಗುವ ರಕ್ತವನ್ನು ತಗ್ಗಿಸುತ್ತವೆ, ಉಪ್ಪು ನೀರನ್ನು ಹಿಡಿದಿಟ್ಟು ಬಿಪಿ ಏರಿಸುತ್ತವೆ.

ಡೈಕ್ಲೋಫೆನಾಕ್ ಮತ್ತು ರಣಹದ್ದುಗಳ ಕಥೆ ನಮ್ಮ ರಾಸುಗಳಿಗೇ ಸಂಬಂಧಿಸಿದ್ದು. ಈ ಔಷಧ ಕೊಟ್ಟಿದ್ದ ದನಗಳು ಸತ್ತಾಗ ಅವುಗಳನ್ನು ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ಸತ್ತವು. ಭಾರತದಲ್ಲಿ ಮೂರು ಜಾತಿಯ ರಣಹದ್ದುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಇಲ್ಲವಾದವು. ಅದಕ್ಕಾಗಿ 2006ರಲ್ಲಿ ಪಶುಗಳಿಗೆ ಡೈಕ್ಲೋಫೆನಾಕ್ ಬಳಸುವುದನ್ನು ನಿಷೇಧಿಸಲಾಯಿತು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ವನ್ಯಧಾಮವೆಂದು ಘೋಷಿಸಿದ್ದು ಅಳಿದುಳಿದ ಹಕ್ಕಿಗಳನ್ನು ಕಾಪಾಡಲೆಂದೇ. ಮನುಷ್ಯರ ದೇಹ ರಣಹದ್ದಿನಷ್ಟು ಸೂಕ್ಷ್ಮವಲ್ಲ, ಒಂದೆರಡು ಮಾತ್ರೆಗೆ ಆರೋಗ್ಯವಂತರ ಕಿಡ್ನಿ ಹೋಗುವುದಿಲ್ಲ. ಆದರೆ ಬಿಪಿ, ಸಕ್ಕರೆ, ಹೃದಯ ಅಥವಾ ಕಿಡ್ನಿ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಇವನ್ನು ನುಂಗಬಾರದು. ಸೊಂಟ ನೋವಿಗೆ ಬಿಸಿ ಕಾವು, ವ್ಯಾಯಾಮ, ಕೂರಲು ಸಣ್ಣ ಮಣೆ, ಹೊರೆಯನ್ನು ಎರಡು ಸಲವಾಗಿ ತರುವುದು ಇವೆಲ್ಲ ಇವೆ. ಮಾತ್ರೆ ಬೇಕೇಬೇಕಾದರೆ ಪ್ಯಾರಾಸಿಟಮಾಲ್ ಎಷ್ಟು ನುಂಗಬಹುದೆಂದು ಕೇಳಿ ತಿಳಿಯಿರಿ.

ಉಪ್ಪಿನ ಲೆಕ್ಕ

ಹಸುವಿಗೆ ಉಪ್ಪು ಕೊಡಿ ಎನ್ನುವ ನಾವೇ ನಿಮಗೆ ಉಪ್ಪು ಕಡಿಮೆ ಮಾಡಿ ಎನ್ನುತ್ತೇವೆ. ಕಾರಣವಿದೆ. ಹುಲ್ಲಿನಲ್ಲಿ ಸೋಡಿಯಂ ಕಡಿಮೆ, ಹಾಲಿನ ಜೊತೆ ದಿನವೂ ಒಂದಷ್ಟು ಹೊರಹೋಗುತ್ತದೆ, ಅದಕ್ಕೆ ಹಸುವಿಗೆ ಬೇರೆಯಾಗಿ ಕೊಡಬೇಕು. ನಮ್ಮ ಊಟದಲ್ಲಿ ಬೇಕಾದದ್ದಕ್ಕಿಂತ ಹೆಚ್ಚೇ ಇದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು, ಎಲ್ಲ ಸೇರಿ.

ಮನೆಯಲ್ಲಿ ಹೀಗೆ ಲೆಕ್ಕ ಹಾಕಿ. ನಾಲ್ಕು ದೊಡ್ಡವರಿಗೆ ದಿನಕ್ಕೆ 20 ಗ್ರಾಂ. ಒಂದು ಕಿಲೋ ಪ್ಯಾಕೆಟ್ 50 ದಿನ ಬರಬೇಕು. ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಪ್ಯಾಕೆಟ್ ಒಡೆದ ತಾರೀಖು ಬರೆಯಿರಿ. ತಿಂಗಳೊಳಗೆ ಮುಗಿದರೆ ಎಷ್ಟು ಹೆಚ್ಚಾಗುತ್ತಿದೆ ಎಂದು ನಿಮಗೇ ತಿಳಿಯುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಒಣಮೀನು, ಅಂಗಡಿಯ ಖಾರ, ಬೇಕರಿ ತಿಂಡಿಗಳ ಉಪ್ಪು ಬೇರೆ. ಅನ್ನಕ್ಕೆ, ಚಪಾತಿ ಹಿಟ್ಟಿಗೆ, ಮಜ್ಜಿಗೆಗೆ ಉಪ್ಪು ಹಾಕುವುದನ್ನು ಬಿಟ್ಟರೆ ಸಾರಿನ ರುಚಿ ಕೆಡದೆ ಅರ್ಧ ಕೆಲಸ ಮುಗಿಯುತ್ತದೆ. ಹುಳಿ, ನಿಂಬೆರಸ, ಕೊತ್ತಂಬರಿ, ಬೆಳ್ಳುಳ್ಳಿ ಹೆಚ್ಚಿಸಿ. ಕೆಲವು ವಾರಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ.

ಸೈಂಧವ ಲವಣವೂ ಉಪ್ಪೇ, ಬಿಪಿಗೆ ಅದರಿಂದ ರಿಯಾಯಿತಿ ಇಲ್ಲ. ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ಕಾಯಿಲೆ ಇರುವವರು, ಟೆಲ್ಮಿಸಾರ್ಟಾನ್ ನುಂಗುವವರು ಕೇಳದೆ ಬಳಸಬಾರದು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತ ತಪ್ಪುತ್ತದೆ.

ಹಾಲು ಮಾತ್ರ ಬಿಡಬೇಕಾಗಿಲ್ಲ. ಬಿಪಿ ಇರುವವರಿಗೆ ತರಕಾರಿ, ಹಣ್ಣು, ಕಾಳುಗಳ ಜೊತೆ ಕೆನೆ ತೆಗೆದ ಹಾಲು, ಮೊಸರು ಒಳ್ಳೆಯದೇ. ಮನೆಯ ಹಾಲನ್ನೆಲ್ಲ ಡೇರಿಗೆ ಹಾಕಿ ಕರಿ ಟೀ ಕುಡಿಯುವ ಅಭ್ಯಾಸ ಬೇಡ. ಕಿಡ್ನಿ ಆಗಲೇ ಕೆಟ್ಟಿರುವವರು ಮಾತ್ರ ಹಾಲು, ಕಾಳು, ಹಣ್ಣಿನ ಪ್ರಮಾಣವನ್ನು ವೈದ್ಯರಿಂದ ತಿಳಿಯಬೇಕು. ಹೊಗೆಸೊಪ್ಪು ಹಾಕಿದ ಎಲೆ ಅಡಿಕೆ ನಾಳಗಳಿಗೆ ಕೆಟ್ಟದ್ದು. ಅದನ್ನು ಬಿಡಲೇಬೇಕು.

ಹೆಣ್ಣುಮಕ್ಕಳು ಮರೆಯಬಾರದ್ದು

ಬಸುರಿಯಲ್ಲಿ ಬಿಪಿ ಏರಿತ್ತೇ? ಮೈ ಊದಿ, ಮೂತ್ರದಲ್ಲಿ ಪ್ರೋಟೀನ್ ಹೋಗಿ, ಅವಧಿಗೆ ಮುಂಚೆ ಹೆರಿಗೆ ಮಾಡಿಸಿದ್ದರೇ? ಹೆರಿಗೆಯ ನಂತರ ಬಿಪಿ ಇಳಿಯುತ್ತದೆ, ನಾವೂ ಮರೆಯುತ್ತೇವೆ. ಆದರೆ ಅಂಥವರಿಗೆ ಮುಂದೆ ಬಿಪಿ, ಹೃದಯ ಮತ್ತು ಕಿಡ್ನಿ ಕಾಯಿಲೆ ಬರುವ ಸಂಭವ ಬೇರೆಯವರಿಗಿಂತ ಹೆಚ್ಚು. ಮಗುವಿಗೆ ಈಗ ಇಪ್ಪತ್ತು ವರ್ಷವಾಗಿದ್ದರೂ ವೈದ್ಯರಿಗೆ ಹೇಳಿ, ವರ್ಷಕ್ಕೊಮ್ಮೆ ಬಿಪಿ ನೋಡಿಸಿ. ಮುಟ್ಟು ನಿಂತ ಮೇಲೂ ಬಿಪಿ ಏರುವುದು ಸಾಮಾನ್ಯ.

ಹೃದಯಾಘಾತ ಹೆಂಗಸರಲ್ಲಿ ಎದೆನೋವಿಲ್ಲದೆ ಬರಬಹುದು. ಬೆನ್ನು, ದವಡೆ, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ವಾಕರಿಕೆ, ತಣ್ಣನೆಯ ಬೆವರು, ಹಿಂದೆಂದೂ ಇಲ್ಲದ ಸುಸ್ತು. "ಗ್ಯಾಸ್ ಇರಬೇಕು" ಎಂದು ಸೋಡಾ ಕುಡಿದು, ಸಂಜೆ ಹಾಲು ಕರೆದು ಆಮೇಲೆ ನೋಡೋಣ ಎನ್ನಬೇಡಿ. ಮುಖ ವಾರೆಯಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಲಕ್ವದ ಗುರುತು. ಇವುಗಳಲ್ಲಿ ಯಾವುದು ಕಂಡರೂ ತಕ್ಷಣ 108ಕ್ಕೆ ಕರೆ ಮಾಡಿ.

ಅಳೆಯುವುದು ಎಲ್ಲಿ, ಹೇಗೆ?

30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಸಕ್ಕರೆ ತಪಾಸಣೆ ಮತ್ತು ಮಾತ್ರೆ ಉಚಿತ. ಮನೆ ಬಾಗಿಲಲ್ಲೇ ತಪಾಸಣೆ ಮಾಡುವ ರಾಜ್ಯದ ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಆರಂಭವಾಯಿತು. ನಿಮ್ಮ ಊರಿಗೆ ಯಾವಾಗ ಬರುತ್ತಾರೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಸಹಕಾರ ಸಂಘದ ಸದಸ್ಯರಿಗಾಗಿ ಇರುವ ಯಶಸ್ವಿನಿ ಯೋಜನೆಯಲ್ಲಿ ಯಾವ ಚಿಕಿತ್ಸೆಗಳು ಸಿಗುತ್ತವೆ, ನೋಂದಣಿ ಯಾವಾಗ ಎಂದು ಸಂಘದ ಕಾರ್ಯದರ್ಶಿಯವರಿಂದ ತಿಳಿಯಿರಿ.

ಅಳೆಯುವಾಗ ಗಮನಿಸಿ. ಹಾಲು ಹೊತ್ತು ಬಂದ ಕೂಡಲೇ, ಟೀ ಕುಡಿದ ಕೂಡಲೇ ಬೇಡ. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೆ ಊರಿ ಐದು ನಿಮಿಷ ಸುಮ್ಮನೆ ಕೂರಿ. ತೋಳು ಎದೆಮಟ್ಟದಲ್ಲಿರಲಿ. ಪಟ್ಟಿಯನ್ನು ರವಿಕೆ ತೋಳಿನ ಮೇಲೆ ಕಟ್ಟದೆ ಬರಿ ತೋಳಿಗೆ ಕಟ್ಟಿಸಿ. ಅಳೆಯುವಾಗ ಮಾತು ಬೇಡ. ಎರಡು ಸಲ ಅಳೆದು ಅಂಕಿಯನ್ನು ಬರೆಸಿಕೊಳ್ಳಿ. ಮಾತ್ರೆ ನುಂಗುವವರ ಗುರಿ 140/90ರ ಒಳಗೆ. ಸಕ್ಕರೆ, ಹೃದಯ ಅಥವಾ ಕಿಡ್ನಿ ಕಾಯಿಲೆ ಇರುವವರಿಗೆ ವೈದ್ಯರು 130/80ರ ಒಳಗೆ ಇರಲೆಂದು ಹೇಳಬಹುದು.

ನೆನಪಿಡಿ

1. ಬಿಪಿಗೆ ಲಕ್ಷಣವಿಲ್ಲ. ಅಳೆದರೆ ಮಾತ್ರ ಗೊತ್ತು.
2. ಕಿಡ್ನಿ ಕೆಡಿಸುವುದು ಬಿಪಿ. ಮಾತ್ರೆ ಅದನ್ನು ಕಾಯುತ್ತದೆ.
3. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ, ನೋವಿನ ಮಾತ್ರೆ ನುಂಗಬೇಡಿ.
4. ಬಿಪಿ ಇದ್ದರೆ ವರ್ಷಕ್ಕೊಮ್ಮೆ ಮೂತ್ರದ ಆಲ್ಬುಮಿನ್, ರಕ್ತದ ಕ್ರಿಯಾಟಿನಿನ್ ಮತ್ತು ಸಕ್ಕರೆ ಪರೀಕ್ಷೆ.
5. ನಾಲ್ವರ ಮನೆಗೆ ಒಂದು ಕಿಲೋ ಉಪ್ಪು, 50 ದಿನ.

ಹಸುವಿಗೆ ಲಸಿಕೆ ಹಾಕಿಸಿದ ತಾರೀಖು, ಕರು ಹಾಕಿದ ತಾರೀಖು ನಿಮಗೆ ಬಾಯಿಪಾಠ. ನಿಮ್ಮ ಬಿಪಿಯನ್ನು ಕೊನೆಯ ಸಲ ಅಳೆದದ್ದು ಯಾವಾಗ? ನೆನಪಿಗೆ ಬಾರದಿದ್ದರೆ ಈ ವಾರವೇ ಆರೋಗ್ಯ ಕೇಂದ್ರಕ್ಕೆ ಹೋಗಿ ಬನ್ನಿ. ಹೋಗುವಾಗ ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ.